ರಸ್ತೆ ಬದಿ ಬದಲಾದ ವರ್ಷ

ಆ ವರ್ಷ ದೇಶಕ್ಕೆ ಯಾರ ದೃಷ್ಟಿ ತಾಗಿತ್ತೋ, ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಚಳಿಗಾಲದಲ್ಲೇ ಸರ್ಕಾರ ಬಿತ್ತು. ಹೊಸದಾಗಿ ಬಂದವರು ಕುರ್ಚಿ ಬಿಸಿ ಮಾಡುವ ಮೊದಲೇ ಅದೂ ಬಿತ್ತು. ಬಂದರಿನ ಕೂಲಿಗಳು ಮುಷ್ಕರ ಹೂಡಿ ಅಂಗಡಿಗಳಲ್ಲಿ ಸಕ್ಕರೆ ಕಾಣದಾಯಿತು. ಬೇಸಿಗೆಯಲ್ಲಿ, ಯಾವತ್ತೂ ಮೊದಲ ಸುತ್ತಿಗೇ ಮುಖ ಸಣ್ಣಗೆ ಮಾಡಿಕೊಂಡು ವಾಪಸಾಗುತ್ತಿದ್ದ ಫುಟ್‌ಬಾಲ್ ತಂಡ ಕಪ್ ಗೆದ್ದುಕೊಂಡು ಬಂತು. ಜನ ಕುಣಿದು ಸುಸ್ತಾಗುವ ಹೊತ್ತಿಗೆ ವಯಸ್ಸಾದ ರಾಷ್ಟ್ರಾಧ್ಯಕ್ಷರು ನಿದ್ದೆಯಲ್ಲೇ ತೀರಿಕೊಂಡರು. ಕಪ್ ಗೆದ್ದದ್ದಕ್ಕೆಂದು ಏರಿಸಿದ್ದ ಬಾವುಟಗಳನ್ನೇ ಅರ್ಧಕ್ಕೆ ಇಳಿಸಬೇಕಾಯಿತು. ಇಷ್ಟು ಸಾಲದು ಎಂಬಂತೆ, ಇನ್ನು ಮೇಲೆ ವಾಹನಗಳೆಲ್ಲ ರಸ್ತೆಯ ಎಡಗಡೆ ಬಿಟ್ಟು ಬಲಗಡೆ ಓಡಬೇಕು ಎಂದು ಆಜ್ಞೆ ಹೊರಟಿತು. ಸುತ್ತಲಿನ ದೇಶಗಳಲ್ಲೆಲ್ಲ ಹಾಗೇ ಇದೆಯಂತೆ.

ಊರಿನ ಬಸ್ ಡ್ರೈವರ್ ಒಬ್ಬನ ಮನೆಗೆ ಈ ಸುದ್ದಿಗಳೆಲ್ಲ ಪತ್ರಿಕೆಗಿಂತ ಮೊದಲೇ ಬರುತ್ತಿದ್ದವು. ಅವನ ಅಕ್ಕ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಏಳನೇ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡು ಕಣ್ಣುಗಳನ್ನೂ ತೆಗೆದುಕೊಂಡು ಹೋಗಿತ್ತು. ಎಕ್ಸ್‌ಚೇಂಜಿನ ಬೋರ್ಡಿಗೆ ಕಣ್ಣು ಬೇಕಿರಲಿಲ್ಲ. ಯಾರಾದರೂ ಫೋನ್ ಎತ್ತಿದರೆ ಅವರ ನಂಬರಿನ ಮೇಲಿನ ಪುಟ್ಟ ಮುಚ್ಚಳ ಟಪ್ ಎಂದು ಬೀಳುತ್ತದೆ. ಅವಳು ಬೆರಳಲ್ಲೇ ಹುಡುಕಿ ವೈರು ಚುಚ್ಚುತ್ತಾಳೆ. ನಂಬರ್ ಕೇಳುವ ಆತುರದಲ್ಲಿ ಜನ ಸುದ್ದಿಯನ್ನೂ ಅವಳ ಕಿವಿಗೆ ಹಾಕಿಬಿಡುತ್ತಿದ್ದರು. ಅದರಲ್ಲಿ ಒಂದು ಮಾತನ್ನೂ ಮನೆಗೆ ತರುತ್ತಿರಲಿಲ್ಲ, ಆ ವಿಷಯದಲ್ಲಿ ಬಾಯಿಗೆ ಬೀಗ. ಆದರೆ ಅವಳು ಮುಖ ಮುಚ್ಚಲಾರಳಲ್ಲ. ಊಟಕ್ಕೆ ಕೂತು ಸುಮ್ಮನಿದ್ದರೆ ಸರ್ಕಾರ ಬಿತ್ತೆಂದು ಅರ್ಥ. ಎರಡನೇ ಸಲ ಬಡಿಸಿಕೊಂಡರೆ ಮುಷ್ಕರ ಮುಗಿಯಿತೆಂದು ಅರ್ಥ. ಡ್ರೈವರ್‌ನ ಹೆಂಡತಿ ಪಾತ್ರೆ ಹಿಡಿದುಕೊಂಡು, "ಅತ್ತಿಗೆ, ಇವತ್ತು ದೇಶ ಹೇಗಿದೆ? ಇನ್ನೊಂದು ಸ್ವಲ್ಪ ಹಾಕಲಾ?" ಎಂದು ಕೇಳುತ್ತಿದ್ದಳು.

ಡ್ರೈವರ್ ಒಳ್ಳೆಯವನು. ಅದೇ ಅವನ ತೊಂದರೆ. ಡಿಪೋದಲ್ಲಿ ಅವನಿಗೆ ಗಡಿಬಿಡಿ ಎಂದೇ ಹೆಸರು. ಯಾರಿಗಾದರೂ ಏನಾದರೂ ಆಗಬಹುದು ಎಂದು ಹೊಳೆದರೆ ಸಾಕು, ಆಗುವ ಮೊದಲೇ ಓಡಿಹೋಗಿ ನಿಂತಿರುತ್ತಿದ್ದ. ಆಜ್ಞೆ ಬಂದ ದಿನದಿಂದ ಅವನಿಗೆ ನಿದ್ದೆ ಹತ್ತಲಿಲ್ಲ. ಬಸ್ಸಿನ ಚಿಂತೆ ಒಂದು ಪಾಲಾದರೆ ಅಕ್ಕನ ಚಿಂತೆ ಮೂರು ಪಾಲು. ಮನೆಯೆದುರಿನ ದೊಡ್ಡ ರಸ್ತೆಯನ್ನು ಅವಳು ಇಷ್ಟು ವರ್ಷ ಒಬ್ಬಳೇ ದಾಟಿ ಕೆಲಸಕ್ಕೆ ಹೋದವಳು. ಅಂಚಿನಲ್ಲಿ ನಿಂತು ಮೊದಲು ಬಲಕ್ಕೆ ಕಿವಿ ಕೊಡುತ್ತಾಳೆ. ಹತ್ತಿರದ ಗಾಡಿಗಳು ಆ ಕಡೆಯಿಂದ ಬರುತ್ತವೆ. ಅರ್ಧ ದಾಟಿದ ಮೇಲೆ ಎಡಕ್ಕೆ. ಈಗ ಅದೆಲ್ಲ ತಿರುಗುಮುರುಗು. ನಮ್ಮಂಥವರು ತಪ್ಪಿದರೆ ಕಣ್ಣು ಕಾಪಾಡೀತು. ಅವಳನ್ನು ಯಾರು ಕಾಪಾಡಬೇಕು?

ಹೀಗೆ ಯೋಚಿಸಿ ಯೋಚಿಸಿ, ಒಂದು ದಿನ ಡ್ಯೂಟಿ ಮುಗಿಸಿದವನು ನೇರ ಎಕ್ಸ್‌ಚೇಂಜಿಗೆ ಹೋದ. ಮೇಲ್ವಿಚಾರಕರ ಮುಂದೆ ಟೋಪಿ ತೆಗೆದು ಹಿಡಿದುಕೊಂಡು, "ಸಾರ್, ಅಕ್ಕನಿಗೆ ರಜೆ ಕೊಟ್ಬಿಡಿ. ರಸ್ತೆ ಎಲ್ಲ ಒಂದು ಹದಕ್ಕೆ ಬರೋವರೆಗೂ. ಅವಳಾಗಿ ಕೇಳೋಳಲ್ಲ," ಎಂದ.

ಮೇಲ್ವಿಚಾರಕರು ಕೆಟ್ಟವರೇನಲ್ಲ, ಹೆದರುಪುಕ್ಕಲರು. ಅವರೂ ಇದನ್ನೇ ಯೋಚಿಸಿ ತಲೆಬಿಸಿ ಮಾಡಿಕೊಂಡಿದ್ದರು. "ಮನೆಯವರೇ ಬಂದು ಹೇಳಿದ್ದು ಒಳ್ಳೇದಾಯ್ತು. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ. ಆದರೆ ಒಂದು ಮಾತು, ಬೋರ್ಡ್ ಖಾಲಿ ಬಿಡೋಕಾಗಲ್ಲ. ಆ ಜಾಗಕ್ಕೆ ಬೇರೆಯವರನ್ನ ತಗೊಂಡ್ರೆ, ಆಮೇಲೆ ಅವರನ್ನ ಏಳಿಸೋದು ಕಷ್ಟ," ಎಂದರು. ಡ್ರೈವರ್‌ಗೆ ಇದು ಹೊಳೆದಿರಲಿಲ್ಲ. ಆದರೂ ಕೆಲಸಕ್ಕಿಂತ ಜೀವ ದೊಡ್ಡದು ಎಂದುಕೊಂಡು ತಲೆಯಾಡಿಸಿ ಬಂದುಬಿಟ್ಟ.

ಮಾರನೇ ದಿನ ಮೇಲ್ವಿಚಾರಕರು ಅಕ್ಕನಿಗೆ ವಿಷಯ ತಿಳಿಸಿದರು. ಸಂಜೆ ಅವಳು ಮನೆಗೆ ಬಂದವಳೇ ಕೋಲನ್ನು ಮೂಲೆಗೆ ಒರಗಿಸಿ, ಕೋಟೂ ಬಿಚ್ಚದೆ ತಮ್ಮನೆದುರು ನಿಂತಳು.

"ಯಾರನ್ನ ಕೇಳಿ ಹೋಗಿದ್ದೆ?"

"ಅಕ್ಕ, ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದು ನನಗೆ ಗೊತ್ತಿಲ್ವಾ? ಕಣ್ಣು ಹೋದದ್ದು ಕಣೋ, ಬುದ್ಧಿ ಹೋಗಿಲ್ಲ."

"ಒಂದೇ ಒಂದು ತಿಂಗಳು ಮನೇಲಿರು ಅಂದ್ರೆ ಇಷ್ಟೊಂದು ಕೋಪಾನಾ? ಅಮ್ಮ ಹೋಗೋವಾಗ ಏನು ಹೇಳಿದ್ಲು? ಅಕ್ಕನ್ನ ನೋಡ್ಕೋ ಅಂದ್ಲು."

"ನೋಡ್ಕೋ ಅಂದ್ಲು, ಕೂಡಿಹಾಕು ಅನ್ಲಿಲ್ಲ." ಅವಳು ಇನ್ನೂ ಒಂದು ಹೆಜ್ಜೆ ಹತ್ತಿರ ಬಂದಳು. "ಆ ಕುರ್ಚಿ ಹೋದ್ರೆ ನಾನು ಏನಾಗ್ತೀನಿ ಗೊತ್ತಾ? ನಿಮ್ಮ ಮನೇಲಿ ಮೂಲೆಗೆ ಕೂತು ಬಟಾಣಿ ಸುಲಿಯೋಳಾಗ್ತೀನಿ. ಯಾರಾದ್ರೂ ಬಂದ್ರೆ ಪಾಪ ಅಂತಾರೆ. ನನಗೆ ಪಾಪ ಬೇಡ. ರಸ್ತೆ ಬದಲಾದ ಮಾರನೇ ಸೋಮವಾರಾನೂ ನಾನು ಹೋಗ್ತೀನಿ, ಒಬ್ಬಳೇ. ನೀನು ಹಿಂದೆ ಮುಂದೆ ಸುಳಿದಾಡಿದ್ರೆ ನೋಡು."

ಆಮೇಲೆ ಎರಡು ವಾರ ಮನೆಯಲ್ಲಿ ಮಾತೆಲ್ಲ ಹೆಂಡತಿಯ ಮೂಲಕ ನಡೆಯಿತು. "ಉಪ್ಪು ಕೊಡು ಅಂತ ಹೇಳು ನಿನ್ನ ಗಂಡನಿಗೆ." "ತಗೋ ಅನ್ನು ನಿನ್ನ ಅತ್ತಿಗೆಗೆ." ಉಪ್ಪಿನ ಡಬ್ಬಿ ಇಬ್ಬರ ನಡುವೆಯೇ ಇತ್ತು. ಹೆಂಡತಿ, "ನಾನೂ ಒಂದು ಬೋರ್ಡ್ ಇಟ್ಕೊಂಡು ವೈರ್ ಚುಚ್ತಾ ಕೂರಬೇಕು," ಎಂದು ಗೊಣಗಿದಳು.

ಬದಲಾವಣೆ ಭಾನುವಾರ ಬೆಳಿಗ್ಗೆ. ಸೈರನ್ ಕೂಗಿದ ಕೂಡಲೇ ಊರಿನ ಗಾಡಿಗಳೆಲ್ಲ ನಿಂತಲ್ಲೇ ನಿಂತು, ಮೆಲ್ಲಗೆ ಎದುರು ಬದಿಗೆ ಸರಿದವು. ಜನ ಚಪ್ಪಾಳೆ ತಟ್ಟಿದರು. ಅಕ್ಕ ಬೆಳಿಗ್ಗೆಯೇ ಒಂದು ಸ್ಟೂಲು ಹೊರಗೆ ಹಾಕಿಸಿಕೊಂಡು ರಸ್ತೆಯಂಚಿನಲ್ಲಿ ಕೂತಳು. ಊಟಕ್ಕೂ ಒಳಗೆ ಬರಲಿಲ್ಲ. ಕತ್ತನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸುತ್ತ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ, ಪರೀಕ್ಷೆಗೆ ಓದುವವಳ ಹಾಗೆ ಸಂಜೆಯವರೆಗೂ ರಸ್ತೆಯನ್ನು ಕೇಳಿದಳು. ಡ್ರೈವರ್ ಕಿಟಕಿಯಿಂದ ನೋಡಿದ. ಹೋಗಿ ಪಕ್ಕದಲ್ಲಿ ಕೂರಬೇಕು ಅನಿಸಿತು. ಧೈರ್ಯ ಬರಲಿಲ್ಲ.

ಸೋಮವಾರ ಅವನಿಗೆ ಬೆಳಗಿನ ಪಾಳಿ. ಬಸ್ಸುಗಳಿಗೆ ಬೇಸಿಗೆಯಲ್ಲೇ ಬಲಬದಿಗೆ ಹೊಸ ಬಾಗಿಲು ಕೊರೆದಿದ್ದರು. ಸ್ಟೇರಿಂಗ್ ಮಾತ್ರ ಹಳೆಯ ಜಾಗದಲ್ಲೇ, ಅದೂ ಬಲಕ್ಕೇ. ಇಷ್ಟು ದಿನ ರಸ್ತೆಯ ನಡುವಿಗಿದ್ದ ಡ್ರೈವರ್ ಈಗ ಫುಟ್‌ಪಾತಿಗೆ ಅಂಟಿಕೊಂಡು ಕೂತಂತಾಯಿತು. ಡಿಪೋದ ಗೇಟು ದಾಟಿದ್ದೇ ತಡ, ಕೈ ತನ್ನಷ್ಟಕ್ಕೆ ಎಡಕ್ಕೆ ತಿರುಗಿಸಿ ಎದುರು ಬರುವ ಲಾರಿಯ ಮೂಗಿಗೇ ಬಸ್ಸನ್ನು ಹಿಡಿಯಿತು. ಲಾರಿಯವನು ಅವನ ವಂಶವನ್ನೆಲ್ಲ ನೆನೆಸಿಕೊಂಡು ಹೋದ. ಮುಂದಿನ ವೃತ್ತದಲ್ಲಿ ಮತ್ತೆ ತಪ್ಪು ಕಡೆಯಿಂದ ಸುತ್ತಿದ. ಪೊಲೀಸಿನವನು ಸೀಟಿ ಊದಿ, ನಕ್ಕು, "ಹೋಗಿ ಹೋಗಿ, ಬೆಳಿಗ್ಗೆಯಿಂದ ಎಲ್ಲರದ್ದೂ ಇದೇ ಕಥೆ," ಎಂದು ಕೈಬೀಸಿದ. ಕಂಡಕ್ಟರ್ ಹಿಂದಿನಿಂದ, "ಗಡಿಬಿಡಿ, ನನಗೆ ಇನ್ನೂ ಮದುವೆ ಆಗಿಲ್ಲ, ಮಾರಾಯ!" ಎಂದು ಕೂಗಿದ.

ಮನೆಯ ಹತ್ತಿರದ ತಿರುವು ದಾಟಿದರೆ, ರಸ್ತೆಯಂಚಿನಲ್ಲಿ ಅಕ್ಕ ನಿಂತಿದ್ದಳು.

ನೀಲಿ ಕೋಟು, ಕೈಯಲ್ಲಿ ಬಿಳಿ ಕೋಲು. ಡ್ರೈವರ್ ಯೋಚನೆ ಮಾಡಲಿಲ್ಲ. ಅಲ್ಲಿ ಸ್ಟಾಪೂ ಇಲ್ಲ, ಏನೂ ಇಲ್ಲ. ಗಕ್ಕನೆ ಬ್ರೇಕ್ ಹಾಕಿ ಅವಳ ಪಕ್ಕಕ್ಕೇ ಬಸ್ಸು ನಿಲ್ಲಿಸಿದ. ನಾನು ಅಡ್ಡ ನಿಂತರೆ ಹಿಂದಿನ ಗಾಡಿಗಳು ಬರಲಾರವು, ಅವಳು ದಾಟಿಕೊಳ್ಳಲಿ ಎಂದು ಲೆಕ್ಕ. ಅವಳು ದಾಟಲಿಲ್ಲ. ಒಂದು ಹೆಜ್ಜೆ ಮುಂದಿಟ್ಟವಳು ಹಿಂದೆ ತೆಗೆದಳು. ಕತ್ತು ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು. ಹಣೆ ಗಂಟಾಯಿತು. ಪ್ರಯಾಣಿಕರು, "ಏನಪ್ಪಾ, ಇಲ್ಯಾಕೆ?" ಎಂದು ಶುರು ಮಾಡಿದರು. ಹಿಂದಿನ ಕಾರೊಂದು ಹಾರ್ನ್ ಹೊಡೆದು, ಬಸ್ಸನ್ನು ಬಳಸಿ ಭರ್ರನೆ ಮುಂದೆ ಹೋಯಿತು. ಅವಳು ದಾಟಿದ್ದರೆ ಸರಿಯಾಗಿ ಅದರ ಎದುರಿಗೇ ಇರುತ್ತಿದ್ದಳು.

ಅವನು ಕಿಟಕಿಯಿಂದ ಬಗ್ಗಿದ. ಇಬ್ಬರ ನಡುವೆ ಒಂದು ತೋಳಿನಷ್ಟೂ ದೂರವಿರಲಿಲ್ಲ.

"ಆ ಬ್ರೇಕಿನ ಕಿರುಚಾಟ ಕೇಳಿದಾಗ್ಲೇ ನೀನೇ ಅಂದ್ಕೊಂಡೆ," ಎಂದಳು ಅಕ್ಕ. ಎರಡು ವಾರದ ಮೇಲೆ ನೇರ ಅವನಿಗೇ ಆಡಿದ ಮೊದಲ ಮಾತು. ಕೋಪವಿರಲಿಲ್ಲ. ಹೆದರಿಕೆಯಿತ್ತು, ಅದನ್ನು ಅವನು ಆ ದನಿಯಲ್ಲಿ ಹಿಂದೆಂದೂ ಕೇಳಿರಲಿಲ್ಲ. "ನಿನ್ನ ಎಂಜಿನ್ ಗುರುಗುಟ್ಟೋದ್ರಲ್ಲಿ ನನಗೆ ಬೇರೇನೂ ಕೇಳ್ತಿಲ್ಲ ಕಣೋ. ಗೋಡೆ ಥರ ನಿಂತಿದೀಯ. ಹೋಗು."

"ಅಕ್ಕ, ನಾನು ಇಳಿದು ಒಂದು ನಿಮಿಷ ಕೈ ಹಿಡ್ಕೊಂಡು..."

"ಇವತ್ತು ಹಿಡ್ಕೊಂಡ್ರೆ ನಾಳೆ? ನಾಡಿದ್ದು? ನಿನ್ನ ಬಸ್ ದಿನಾ ಇಲ್ಲೇ ನಿಲ್ಲುತ್ತಾ? ಹೋಗಪ್ಪಾ, ನನಗೆ ರಸ್ತೆ ಬಿಡು."

ಅವನಿಗೆ ತಿಳಿಯಿತು. ತಿಳಿದದ್ದು ಸಿಹಿಯಾಗಿರಲಿಲ್ಲ. ಇಷ್ಟು ಹೊತ್ತೂ, ಇಷ್ಟು ವಾರಗಳೂ, ಅವಳ ದಾರಿಗೆ ಅಡ್ಡ ನಿಂತಿದ್ದ ದೊಡ್ಡ ಗಾಡಿ ಅವನೇ. ಗೇರು ಹಾಕಿದ. ಬಸ್ಸು ಒಮ್ಮೆ ಎಗರಿ ಹೊರಟಿತು. ಕನ್ನಡಿಯಲ್ಲಿ ನೀಲಿ ಕೋಟು ಸಣ್ಣದಾಯಿತು, ಕದಲದೆ ನಿಂತೇ ಇತ್ತು, ತಿರುವಿನಲ್ಲಿ ಮರೆಯಾಯಿತು. ಅವಳು ದಾಟಿದಳೋ ಇಲ್ಲವೋ ಅವನು ನೋಡಲಿಲ್ಲ.

ಕೊನೆಯ ನಿಲ್ದಾಣದವರೆಗೆ ಅವನು ಹೇಗೆ ಬಸ್ಸು ಓಡಿಸಿದನೋ ಅವನಿಗೇ ಗೊತ್ತಿಲ್ಲ. ಕಂಡಕ್ಟರ್‌ಗೂ ತಮಾಷೆ ಮಾಡುವ ಮನಸ್ಸಾಗಲಿಲ್ಲ. ನಿಲ್ದಾಣ ಬಂದದ್ದೇ ತಡ ಕಂಟ್ರೋಲರ್ ಕೋಣೆಗೆ ನುಗ್ಗಿ ಗೋಡೆಯ ಫೋನ್ ಎತ್ತಿದ. ಈ ನಿಲ್ದಾಣದ ಲೈನು ಅಕ್ಕನ ಬೋರ್ಡಿಗೇ ಹೋಗುವುದು. ಬೇರೆ ಯಾರದಾದರೂ ದನಿ ಬಂದರೆ ಅವಳು ಕುರ್ಚಿಯಲ್ಲಿಲ್ಲವೆಂದೇ ಅರ್ಥ. ಫೋನು ಒಂದಷ್ಟು ಹೊತ್ತು ಸುಮ್ಮನೆ ಗುಂಯ್‌ಗುಟ್ಟಿತು.

"ನಮಸ್ಕಾರ, ನಂಬರ್ ಹೇಳಿ."

ಅಕ್ಕನೇ. ಸ್ವಲ್ಪ ಏದುಸಿರು ಬಿಡುತ್ತಿದ್ದಳು. ಅವನಿಗೆ ಅಳು ಬಂತು. ಇವನು ಯಾರಿಗೋ ಬಸ್ಸು ಗುದ್ದಿಸಿ ಬಂದಿದ್ದಾನೆಂದು ಕಂಟ್ರೋಲರ್ ಗಾಬರಿಯಾಗಿ ಎದ್ದು ನಿಂತ.

"ನಂಬರ್ ಹೇಳಿ."

"ಅಕ್ಕ, ನಾನು."

ಆ ಕಡೆಯಿಂದ ತಗ್ಗಿದ ದನಿಯಲ್ಲಿ, "ಡ್ಯೂಟಿ ಹೊತ್ತಲ್ಲಿ ಮನೆ ಮಾತು ಬೇಡ. ಯಾರು ಬೇಕು?"

"ನಿಮ್ಮ ಮೇಲ್ವಿಚಾರಕರು."

"ಯಾಕೆ?" ಎಂದು ಕೇಳಲಿಲ್ಲ ಅವಳು, ಕೇಳುವ ಹಾಗಿಲ್ಲ. ವೈರು ಚುಚ್ಚಿದ ಸದ್ದಾಯಿತು.

ಮೇಲ್ವಿಚಾರಕರು ಫೋನಿನಲ್ಲೂ ಹೆದರಿಕೊಂಡೇ ಮಾತಾಡಿದರು. "ನೋಡಿ ಡ್ರೈವರ್, ನಿಮ್ಮ ಅಕ್ಕ ಬಂದು ಕೂತುಬಿಟ್ಟಿದ್ದಾರೆ. ನೀವು ಹೇಳಿದ ಮೇಲೆ ನಾನು ಬೇರೆ ಹುಡುಗಿಗೆ ಬರೋಕೆ ಹೇಳಿದ್ದೆ. ಅವಳೂ ಬಂದು ಬಾಗಿಲಲ್ಲಿ ನಿಂತಿದ್ದಾಳೆ. ನಾನೇನು ಮಾಡಲಿ?"

"ಆ ಹುಡುಗಿಗೆ ಕೈ ಮುಗಿದು ಕಳಿಸಿ, ಸಾರ್. ನಾನು ಹೇಳಿದ್ದು ತಪ್ಪು. ಅಕ್ಕನ ವಿಷಯ ಅಕ್ಕನ್ನೇ ಕೇಳಿ, ನನ್ನನ್ನ ಕೇಳಬೇಡಿ."

"ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ?"

"ಆಗಬಹುದು ಸಾರ್. ಬೆಳಿಗ್ಗೆಯಿಂದ ನಾನು ಎರಡು ಸಲ ತಪ್ಪು ಕಡೆ ಹೋದೆ, ಅಷ್ಟು ದೊಡ್ಡ ಬಸ್ ಇಟ್ಕೊಂಡು. ಪೊಲೀಸ್‌ನೋರು ನಕ್ಕು ಬಿಟ್ಬಿಟ್ರು. ನನಗ್ಯಾರೂ ಮನೇಲಿ ಕೂರು ಅನ್ಲಿಲ್ಲ."

"ಸರಿ ಹಾಗಾದ್ರೆ," ಎಂದು ಮೇಲ್ವಿಚಾರಕರು ಫೋನ್ ಇಟ್ಟರು.

ಡ್ರೈವರ್ ಇನ್ನೂ ಕಿವಿಗೆ ಹಿಡಿದುಕೊಂಡೇ ಇದ್ದ. ಲೈನು ಕಡಿದಿರಲಿಲ್ಲ. ಆ ತುದಿಯಲ್ಲಿ ಯಾರೋ ಮೂಗೆಳೆದುಕೊಂಡರು. ಇಷ್ಟು ವರ್ಷಗಳಲ್ಲಿ ಇನ್ನೊಬ್ಬರ ಮಾತಿಗೆ ಎಂದೂ ಕಿವಿ ಕೊಡದ ಆಪರೇಟರ್ ಅವತ್ತು ಕೊಟ್ಟಿದ್ದಳು.

"ಮಾತು ಮುಗೀತಾ?" ಎಂದಳು ಅಕ್ಕ.

"ಮುಗೀತು, ಅಕ್ಕ."

"ಹಾಗಾದ್ರೆ ಫೋನ್ ಇಡು. ಲೈನ್‌ನಲ್ಲಿ ಬೇರೆಯವರು ಕಾಯ್ತಿದ್ದಾರೆ."