ನಾರು ತುಂಬಿದ ಸೈಲೆನ್ಸರ್

ಶಂಭುಲಿಂಗಯ್ಯನವರ ಕಿವಿ ತಿಪಟೂರು ಸೀಮೆಗೆಲ್ಲ ಹೆಸರುವಾಸಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಸಾಕು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ಇನ್ನೂ ಅಂಟಿಕೊಂಡಿದೆಯೋ ಹೇಳಿಬಿಡುತ್ತಿದ್ದರು. ಅವಸರಪಟ್ಟು ಸುಲಿದರೆ ಕೊಬ್ಬರಿ ಹಸಿಯಾಗಿ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಸುಗ್ಗಿ ಬಂತೆಂದರೆ ಶೆಟ್ಟಿಕೆರೆ, ಕೆಂಕೆರೆ, ದಬ್ಬೇಘಟ್ಟ ಎಲ್ಲ ಕಡೆಯಿಂದಲೂ ಅವರಿಗೆ ಕರೆ ಬರುತ್ತಿತ್ತು. ಅವರು ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಮನೆ ಮುಂದೆ ಕಾರು ನಿಂತಿದ್ದರೂ ಬಸ್ಸಿನಲ್ಲೇ.

ಅದಕ್ಕೆ ಕಾರಣ ಆ ಕಾರೇ. ಸಕಲೇಶಪುರದ ಕಾಫಿ ಪ್ಲಾಂಟರೊಬ್ಬರು ಮದರಾಸಿನ ರೇಸಿಗೆಂದು ಎರಡು ಕಾರ್ಬುರೇಟರ್ ಕೂರಿಸಿ, ಸೈಲೆನ್ಸರ್ ಕಿತ್ತು ಬರೀ ಕೊಳವೆ ಬಿಟ್ಟಿದ್ದ ಹಳೆಯ ಹೆರಾಲ್ಡ್ ಕಾರು ಅದು. ಶಂಭುಲಿಂಗಯ್ಯನವರೇ ಆಸೆಪಟ್ಟು ತಂದು, ಒಬ್ಬಳೇ ಮಗಳು ಗಿರಿಜಾಂಬಿಕಾಳಿಗೆ ಖಾಲಿ ಕೊಬ್ಬರಿ ಮಂಡಿಯ ಬಯಲಿನಲ್ಲಿ ಓಡಿಸುವುದನ್ನು ಕಲಿಸಿದ್ದರು. ಆಗ ಅವರಿಗೆ ಆ ಅಬ್ಬರವೇ ಹೆಮ್ಮೆಯಾಗಿತ್ತು. ವಯಸ್ಸಾದ ಮೇಲೆ ಅದರಲ್ಲಿ ಕೂತು ಇಳಿದರೆ ಸಂಜೆಯವರೆಗೂ ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲುತ್ತಿರಲಿಲ್ಲ. ಆವತ್ತು ಯಾವ ಅಟ್ಟ ಹತ್ತಿದರೂ ಪ್ರಯೋಜನವಿಲ್ಲ. ಕೊನೆಗೆ 1979ರ ಬೇಸಿಗೆಯಲ್ಲಿ, ಕಾರನ್ನು ದಬ್ಬೇಘಟ್ಟದ ಹುಚ್ಚರಂಗಯ್ಯನಿಗೆ ಕೊಟ್ಟುಬಿಡೋಣ ಎಂದರು. ಅವನು ಹಿಂದಿನ ವರ್ಷದಿಂದ ಕೇಳುತ್ತಲೇ ಇದ್ದ.

ಆ ಮಾತಿಗೆ ಗಿರಿಜಾಂಬಿಕಾ ಹೆದರಿದಳು. ಮೂವತ್ತು ದಾಟಿದ ಹೆಂಗಸು, ತೋಟ, ಮಂಡಿ ಎರಡನ್ನೂ ನಿಭಾಯಿಸುವವಳು, ಹಾಗೆಲ್ಲ ಹೆದರುವವಳಲ್ಲ. ಆದರೆ ಈ ಸೀಮೆಯಲ್ಲಿ ಯಾರನ್ನೂ ಕೇಳದೆ ತನ್ನಿಷ್ಟದ ಕಡೆಗೆ ಹೊರಡಲು ಅವಳಿಗಿದ್ದದ್ದು ಅದೊಂದೇ. ಅಳುವ ಪೈಕಿಯೂ ಅಲ್ಲವಾದ್ದರಿಂದ ಅಪ್ಪನ ಮುಂದೆ ನೆಟ್ಟಗೆ ನಿಂತಳು.

"ಸದ್ದು ನಾನು ಇಳಿಸ್ತೀನಿ ಕಣಪ್ಪ. ಎಳೆಯೋ ಶಕ್ತಿ ಮಾತ್ರ ಇಳಿಸಾಕಿಲ್ಲ. ಆಮೇಲೆ ನೀನು ಏನಾದ್ರೂ ಹೇಳು."

ಬಸ್ ಸ್ಟ್ಯಾಂಡ್ ಹಿಂದೆ ವೆಲ್ಡಿಂಗು, ಲೇತು ಇಟ್ಟುಕೊಂಡಿದ್ದ ಬೆಟ್ಟಸ್ವಾಮಿ, ಸೈಲೆನ್ಸರಿಗೆಲ್ಲ ಯಾಕಮ್ಮ ಯೋಚನೆ ಎಂದು ಗುಜರಿಯಿಂದ ತಂದ ಲಾರಿಯದೊಂದನ್ನು ಕಟ್ಟಿಕೊಟ್ಟ. ಸದ್ದೇನೋ ಸತ್ತಿತು, ಜೊತೆಗೆ ಕಾರೂ ಸತ್ತಿತು. ಒಳಗೆ ತಗಡಿನ ಗೋಡೆಗಳ ಮೇಲೆ ಗೋಡೆ. ಹೊಗೆಗೆ ದಾರಿಯೇ ಇಲ್ಲ. ಏರಿನಲ್ಲಿ ತೆಂಗಿನಕಾಯಿ ಗಾಡಿಯೊಂದು ಅವಳನ್ನು ಹಿಂದೆ ಹಾಕಿ ಹೋಯಿತು, ಎತ್ತುಗಳು ತಿರುಗಿಯೂ ನೋಡಲಿಲ್ಲ. ಅವಮಾನದಲ್ಲಿ ಕುದಿಯುತ್ತ ಬಂದು ಆವತ್ತೇ ಅದನ್ನು ಬಿಚ್ಚಿಸಿದಳು.

ಹಾಗಾದರೆ ದಪ್ಪ ಕೊಳವೆ ಹಾಕೋಣ ಎಂದ ಬೆಟ್ಟಸ್ವಾಮಿ. ಅದಕ್ಕೂ ಅವಳು ಒಪ್ಪಲಿಲ್ಲ. ತೋಟದ ಕಾಲುವೆಯನ್ನು ಬೇಕಾಬಿಟ್ಟಿ ಅಗಲ ಮಾಡಿದರೆ ನೀರು ಸೊರಗಿ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಹೊಗೆಯೂ ಹಾಗೆಯೇ, ರಭಸ ಕಳೆದುಕೊಳ್ಳಬಾರದು. ಮೊದಲಿದ್ದ ಅಳತೆಯದೇ ನೇರ ಕೊಳವೆ ಇರಲಿ, ಅದರ ಮೈತುಂಬ ತೂತು ಕೊರೆಯಲಿ, ಸುತ್ತ ಒಂದು ಡಬ್ಬಿ ಬರಲಿ, ನಡುವಿನ ಜಾಗಕ್ಕೆ ಸದ್ದು ಹೀರುವಂಥದ್ದು ಏನಾದರೂ ತುರುಕಲಿ ಎಂದು ಕೂತು ಮಾಡಿಸಿದಳು. ಬೆಂಗಳೂರಿನಲ್ಲಾದರೆ ಗಾಜಿನ ಉಣ್ಣೆ ತುಂಬುತ್ತಾರಂತೆ. ತಿಪಟೂರಿನಲ್ಲಿ ಅದನ್ನು ಎಲ್ಲಿ ತರುವುದು?

ಇಲ್ಲೇ ಅವಳು ಎಡವಿದ್ದು. ಹಗ್ಗಕ್ಕೆ ನಾರು, ಹಾಸಿಗೆಗೆ ನಾರು, ಪಾತ್ರೆ ಉಜ್ಜುವುದಕ್ಕೆ ನಾರು ಎನ್ನುವ ಸೀಮೆಯಲ್ಲಿ ಹುಟ್ಟಿದವಳಿಗೆ ಇನ್ನೇನು ಹೊಳೆದೀತು? ತೆಂಗಿನ ನಾರನ್ನೇ ಒತ್ತೊತ್ತಿ ತುಂಬಿಸಿದಳು. ಸ್ಟಾರ್ಟ್ ಮಾಡಿದರೆ ಹೆರಾಲ್ಡ್ ಬೆಕ್ಕಿನ ಹಾಗೆ ಗುರುಗುಟ್ಟಿತು. ಹಿಗ್ಗಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಶೆಟ್ಟಿಕೆರೆಗೆ ಹೊರಟಳು.

ಊರು ಮುಟ್ಟುವ ಹೊತ್ತಿಗೆ ಹಿಂದಿನಿಂದ ಹೊಗೆ ಎದ್ದಿತ್ತು. ಕೊಬ್ಬರಿ ಅಟ್ಟಗಳ ಊರಿನಲ್ಲಿ ನಾರು ಸುಟ್ಟ ವಾಸನೆ ಬಂದರೆ ಯಾರು ಸುಮ್ಮನಿದ್ದಾರು? ಅಟ್ಟಕ್ಕೆ ಬೆಂಕಿ ಬಿತ್ತೆಂದು ಊರಿಗೆ ಊರೇ ಕೊಡ ಹಿಡಿದು ಓಡಿಬಂತು. ಬಂದವರು ಕಾರಿಗೂ ನೀರು ಸುರಿದರು, ಒಳಗೆ ಕೂತಿದ್ದ ಶಂಭುಲಿಂಗಯ್ಯನವರಿಗೂ ಸುರಿದರು. ಹಣೆಯ ವಿಭೂತಿ ತೊಳೆದುಹೋಗಿ, ತೊಪ್ಪೆಯಾದ ಪಂಚೆ ಹಿಂಡಿಕೊಳ್ಳುತ್ತ ಅವರು ಬಸ್ಸು ಹತ್ತಿದರು. ಡಬ್ಬಿಯೊಳಗಿನ ನಾರು ಬೂದಿಯಾಗಿತ್ತು. ಕಾರು ಹಳೆಯ ಅಬ್ಬರದಲ್ಲೇ ವಾಪಸಾಯಿತು. ದಾರಿಯುದ್ದಕ್ಕೂ ಗಿರಿಜಾಂಬಿಕಾ ತನ್ನನ್ನೇ ಬೈದುಕೊಂಡಳು.

ಮನೆಯಲ್ಲಿ ತೀರ್ಮಾನ ಆಗಿಹೋಗಿತ್ತು. ಹುಚ್ಚರಂಗಯ್ಯ ತನ್ನ ಅಟ್ಟ ನೋಡಲು ಹೇಳಿಕಳಿಸಿದ್ದ. ಸೋಮವಾರ ಕಾರಿನಲ್ಲೇ ಹೋಗಿ, ಕಾರನ್ನು ಅಲ್ಲೇ ಬಿಟ್ಟು, ಕಿವಿಯ ಗುಂಯ್ ಇಳಿದ ಮೇಲೆ ಮಾರನೆಯ ದಿನ ಅಟ್ಟ ನೋಡಿ ಬಸ್ಸಿನಲ್ಲಿ ಬರುವುದು ಎಂದರು ಅಪ್ಪ. ಅವಳು ಎದುರಾಡದೆ ಬೆಟ್ಟಸ್ವಾಮಿಯಲ್ಲಿಗೆ ನಡೆದಳು. ನೇರ ಕೊಳವೆ ಸರಿಯಿದೆ, ತೂತು ಸರಿಯಿದೆ, ತಪ್ಪಿದ್ದು ನಾರೊಂದೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಲೇತಿನ ಕೆಳಗೆ, ಕಬ್ಬಿಣ ಕೆತ್ತುವಾಗ ಉದುರಿದ ಸುರುಳಿ ಎಳೆಗಳು ರಾಶಿ ಬಿದ್ದಿದ್ದವು. ಅವಳು ಒಂದು ಹಿಡಿ ಎತ್ತಿ ಹಿಚುಕಿ ನೋಡಿದಳು. ಇದೂ ನಾರೇ, ಸುಡದ ನಾರು. ನಗುತ್ತ ಅದನ್ನೇ ಡಬ್ಬಿಗೆ ತುಂಬಿಸಿದಳು.

ಸೋಮವಾರ ಬೆಳಗ್ಗೆ ಅಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಕೂತರು. ತುರುವೇಕೆರೆ ದಾಟುವಾಗ ಒಂದು ಕಿವಿಯ ಹತ್ತಿ ತೆಗೆದರು. ಆಮೇಲೆ ಇನ್ನೊಂದರದೂ ಹೋಯಿತು.

ದಬ್ಬೇಘಟ್ಟದಲ್ಲಿ ಇಳಿದವರೇ, ನಾಳೆ ಯಾಕೆ, ಅಟ್ಟ ಈಗಲೇ ಹತ್ತುತ್ತೇನೆ ಎಂದರು. ಗಿರಿಜಾಂಬಿಕಾ ಏಣಿಯ ಬುಡದಲ್ಲಿ ನಿಂತಳು. ಪಕ್ಕದಲ್ಲಿ ಹುಚ್ಚರಂಗಯ್ಯ ಕಾರಿನ ಕೀಲಿಗಾಗಿ ಕಾಯುತ್ತಿದ್ದ. ಕೀಲಿ ಅವಳ ಮುಷ್ಟಿಯಲ್ಲಿತ್ತು. ಮೇಲೆ ಒಂದಾದ ಮೇಲೊಂದು ಕಾಯಿ ಅಲ್ಲಾಡಿಸುವ ಸದ್ದು. ಬಹಳ ಹೊತ್ತಿನ ಮೇಲೆ ಒಂದು ಕಾಯಿ ಹಿಡಿದು ಅಪ್ಪ ಇಳಿದು ಬಂದರು.

"ಬಾಗಿಲ ಕಡೆ ರಾಶಿ ಆಗೈತೆ, ಸುಲಿಸು. ಒಳಗಿಂದು ಇನ್ನೊಂದು ತಿಂಗ್ಳು ಬುಡು," ಎಂದರು.

ಹುಚ್ಚರಂಗಯ್ಯ ಪರೀಕ್ಷೆಗೆಂದು ಆ ಕಾಯಿಯನ್ನು ಸುಲಿದು ಒಡೆದ. ಚಿಪ್ಪು ಬಿರಿದು, ಎಲ್ಲೂ ಅಂಟದೆ ಕೊಬ್ಬರಿ ಇಡೀ ಉಂಡೆಯಾಗಿ ಅಂಗೈಗೆ ಉರುಳಿತು. ಅವನು ತೃಪ್ತಿಯಿಂದ ತಲೆದೂಗಿ ಕೀಲಿಗೆ ಕೈ ಚಾಚಿದ.

"ಕಾರು ಕೊಡಲ್ಲ ಕಣಪ್ಪ," ಎಂದರು ಶಂಭುಲಿಂಗಯ್ಯ. "ಅದ್ರಾಗೆ ಕೂತು ಬಂದ ಕಿವಿಯಿಂದ್ಲೇ ನಿನ್ನ ಕಾಯಿ ಕೇಳಿದ್ದು. ಇನ್ನು ನಂಗೇ ಬೇಕು."

ಹುಚ್ಚರಂಗಯ್ಯ ಏನೋ ಗೊಣಗಿದ, ಆಮೇಲೆ ಕಾಫಿ ತರಿಸಿದ. ಊರು ಬಿಟ್ಟು ಏರು ಸಿಕ್ಕಿದಾಗ ಅಪ್ಪ ಮುಂದಿನ ಕಂಬಿ ಹಿಡಿದು ನೆಟ್ಟಗೆ ಕೂತರು.

"ಶಕ್ತಿ ಇಳಿಸಾಕಿಲ್ಲ ಅಂದಿದ್ದಲ್ಲವ್ವ. ಎಲ್ಲಿ, ಒತ್ತು ನೋಡಾನ."

ಗಿರಿಜಾಂಬಿಕಾ ಒತ್ತಿದಳು.