ಉಸ್ತಾದರ ಬೋರಲು ಬಕೆಟ್ಟು

ನಾನು ಒಂದು ತಗಡಿನ ಬಕೆಟ್ಟು. ಹುಟ್ಟುವಾಗ ಸೀಮೆಎಣ್ಣೆ ಡಬ್ಬವಾಗಿದ್ದೆ. ಬೆಂಗಳೂರು ದಂಡುಪ್ರದೇಶದ ತಗಡು ಕೆಲಸದವನೊಬ್ಬ ನನ್ನ ತಲೆ ಕತ್ತರಿಸಿ, ಅಂಚು ಮಡಿಸಿ, ತಂತಿಯ ಹಿಡಿ ಕೂರಿಸಿದ. ಕೊಂಡವರು ಗರಡಿಮನೆಯ ದಾಸಪ್ಪ ಉಸ್ತಾದರು.

ಮಿಲ್ಲಿನ ಫುಟ್‌ಬಾಲ್ ಕ್ಲಬ್ಬು ಅವರನ್ನು ಟ್ರೈನರ್ ಎನ್ನುತ್ತಿತ್ತು. ಚೆಂಡಾಟ ಅವರಿಗೆ ಅಷ್ಟಕ್ಕಷ್ಟೆ. ಕಾಲು ಮಾತ್ರ ಚೆನ್ನಾಗಿ ಗೊತ್ತಿತ್ತು. ಬರಿಗಾಲಲ್ಲಿ ಆಡುವ ಕಾಲ ಅದು. ಎಲ್ಲರ ಕಾಲಿಗೂ ಎಳ್ಳೆಣ್ಣೆ ತಿಕ್ಕಿ, ಬಟ್ಟೆ ಸುತ್ತಿ ಕಳಿಸುತ್ತಿದ್ದರು. ಯಾರಾದರೂ ಬಿದ್ದರೆ ನನ್ನನ್ನು ಹಿಡಿದು ಓಡುತ್ತಿದ್ದರು. ಪೆಟ್ಟು ದೊಡ್ಡದಾದರೆ ನೀರು ಚೆಲ್ಲಿ ನನ್ನನ್ನು ಬೋರಲು ಹಾಕುವುದು ಅವರ ಕಟ್ಟಳೆ. ಹಾಕಿದರೆ ಆ ಆಟಗಾರ ಹೊರಗೆ. ಬದಲಿಗೆ ಇನ್ನೊಬ್ಬನನ್ನು ಇಳಿಸುವಂತೆಯೂ ಇರಲಿಲ್ಲ.

ಕಪ್ಪಿನ ಫೈನಲ್. ಗೋಲು ಸಮ. ನಮ್ಮ ಕಡೆಯ ಅಂತೋಣಿ ಬಿದ್ದ. ಗೆದ್ದರೆ ಅವನಿಗೆ ಮಿಲ್ಲಿನಲ್ಲಿ ಕಾಯಂ ಕೆಲಸವೆಂದು ಕ್ಲಬ್ಬಿನ ಸೆಕ್ರೆಟರಿ ಮೊದಲಿಯಾರ್ ಮಾತು ಕೊಟ್ಟಿದ್ದರು. ಮನೆಯಲ್ಲಿ ಹೆಂಡತಿ ಬಸುರಿ.

ಉಸ್ತಾದರು ಅವನ ಕಾಲಿನ ಗಿಣ್ಣು ಒತ್ತಿದರು. ಒಳಗೆ ಕರಕ್ ಎಂದಿತು. ನನಗೂ ಕೇಳಿಸಿತು.

"ಬೋರಲು ಹಾಕ್ಬೇಡಿ ಉಸ್ತಾದ್," ಅಂತೋಣಿ ನನ್ನ ಅಂಚು ಹಿಡಿದುಕೊಂಡ. "ಸ್ವಲ್ಪ ಹೊತ್ತು ಅಷ್ಟೇ. ಬಿಗಿಯಾಗಿ ಕಟ್ಬಿಡಿ."

"ಮೂಳೆ ಬಿರುಕು ಬಿಟ್ಟದೆ ಕಣೋ."

"ಕೆಲ್ಸ ಹೋಗತ್ತೆ."

"ಕಾಲು ಹೋದ್ರೆ ಯಾವ್ ಕೆಲ್ಸಕ್ಕೆ ಹೋಗ್ತೀಯ?"

ಗೆರೆಯಾಚೆಯಿಂದ ಮೊದಲಿಯಾರ್ ಕೂಗಿದರು: "ರೀ ಪೈಲ್ವಾನ್ರೇ, ಮಾಲೀಸು ಆಮೇಲ್ ಮಾಡ್ಕೊಳ್ಳಿ. ನೀರು ಚಿಮುಕಿಸಿ ಎಬ್ಬಿಸ್ರೀ."

ಉಸ್ತಾದರು ಅಂತೋಣಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ನನ್ನನ್ನು ಎತ್ತಿದರು. ಬೋರಲು ಹಾಕಿದರು.

ಉಳಿದ ಹತ್ತು ಜನ ಸೋತರು. ಅಂತೋಣಿಯ ಕೆಲಸ ಕೈತಪ್ಪಿತು. ಉಸ್ತಾದರನ್ನೂ ಕ್ಲಬ್ಬು ಮನೆಗೆ ಕಳಿಸಿತು. ಆದರೂ ಅವರು ದಿನಾ ಅವನ ಮನೆಗೆ ಹೋಗಿ ಸೊಪ್ಪಿನ ಪಟ್ಟು ಹಾಕುತ್ತಿದ್ದರು. ಅಂತೋಣಿ ಗೋಡೆಗೆ ಮುಖ ಮಾಡಿ ಕಾಲು ಮಾತ್ರ ಕೊಡುತ್ತಿದ್ದ. ಮಗಳು ಹುಟ್ಟಿದ ದಿನವೂ ಹಾಗೆಯೇ. ಮಳೆಗಾಲ ಮುಗಿಯುವಾಗ ಒಂದು ಬೆಳಿಗ್ಗೆ ಅವಳನ್ನು ಎತ್ತಿಕೊಂಡು ಗಲ್ಲಿಯ ಕೊನೆಯವರೆಗೆ ನಡೆದು, ಕುಂಟದೆ ವಾಪಸು ಬಂದ.

"ಉಸ್ತಾದ್, ಕಾಫಿ ಕುಡ್ಕೊಂಡ್ ಹೋಗಿ," ಎಂದ. ಅಷ್ಟೇ.

ಮುಂದೆ ಅವನು ಬೇರೆ ಕ್ಲಬ್ಬಿಗೆ ಆಡಿದ, ಆಮೇಲೆ ಅಲ್ಲೇ ಟ್ರೈನರ್ ಆದ. ಉಸ್ತಾದರು ತೀರಿಕೊಂಡಾಗ ಅವರ ಮನೆಯಿಂದ ನನ್ನೊಬ್ಬನನ್ನೇ ಕೇಳಿ ತಂದ.

ಈಗ ನನ್ನ ತಳ ತೂತು. ನೀರಿಗೆ ಹೊಸ ಬಕೆಟ್ಟಿದೆ. ಅಂತೋಣಿ ಮಾತ್ರ ಪ್ರತಿ ಆಟಕ್ಕೂ ನನ್ನನ್ನು ಒಯ್ಯುತ್ತಾನೆ. ಬೋರಲಾಗುವುದಕ್ಕೆ ತೂತು ಅಡ್ಡಿಯಲ್ಲ. ಬಿದ್ದ ಹುಡುಗರು ನನ್ನನ್ನು ಕಂಡೊಡನೆ ಬೈಯುತ್ತಾರೆ. ಬೈಯಲಿ. ಹಿಂದೆ ಬೈದವರು ಸಂಜೆಹೊತ್ತು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಟ ನೋಡಲು ನಡೆದು ಬರುತ್ತಾರೆ. ನಾನು ಗೆರೆಯ ಪಕ್ಕ ಕೂತು ಅವರ ಕಾಲುಗಳನ್ನು ನೋಡುತ್ತೇನೆ.