ಲವಾನ್ ಪಾಲಿನ ತೋಟಾಗಳು

ಗ್ಯಾರೇಜಿನಲ್ಲಿ ರಾಯ್ಸ್ ರಿವಾಲ್ವರಿನ ತೋಟಾ ಕಟ್ಟುವ ತನ್ನ ಹೊಸ ಮೆಷಿನ್ನಿನ ಗುಣಗಾನ ಶುರುಮಾಡಿದ್ದು ಎಷ್ಟನೆಯ ಸಲವೋ, ಅವನ ಹೆಂಡತಿ ಲವಾನ್ ಲೆಕ್ಕ ಬಿಟ್ಟಿದ್ದಳು. ಈ ಸಲ ಸಿಕ್ಕಿಬಿದ್ದವನು ಪಕ್ಕದ ಜಮೀನಿನ ಹಾಲಿಸ್. ಪಾಪ, ಏಣಿ ವಾಪಸ್ ಒಯ್ಯಲು ಬಂದವನನ್ನು ಕೈಗೆ ಬಿಯರ್ ಕೊಟ್ಟು ಕೂರಿಸಲಾಗಿತ್ತು.

"ಹಿಡಿ ಎಳೆದ್ರೆ ಒಂದು ತೋಟಾ ರೆಡಿ," ಎನ್ನುತ್ತಿದ್ದ ರಾಯ್ಸ್. "ಮದ್ದು ಹೆಚ್ಚು ಬೀಳ್ಲಿ, ಕಮ್ಮಿ ಬೀಳ್ಲಿ, ಈ ಡಬ್ಬಿ ಕುಂಯ್ ಅಂತ ಕೂಗುತ್ತೆ. ಇನ್ನು ಇಣುಕಿ ನೋಡೋ ಕೆಲಸಾನೇ ಇಲ್ಲ. ಬೇಸ್‌ಬಾಲ್ ನೋಡ್ಕೊಂಡು ಎಳೀತಾ ಇದ್ರಾಯ್ತು."

ಡಬ್ಬಿ ಎಂದರೆ ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್, ಅದರಡಿ ಒಂದು ಕಡ್ಡಿ. ಕಡ್ಡಿ ತೋಟಾದ ಹಿತ್ತಾಳೆಯ ಕೊಳವೆಯೊಳಗೆ ಇಳಿದು ಮದ್ದು ಎಷ್ಟು ಎತ್ತರಕ್ಕಿದೆ ಎಂದು ಮುಟ್ಟಿ ನೋಡುತ್ತದೆ. ಇಷ್ಟನ್ನು ನಂಬಿ ಎರಡು ಕಣ್ಣಿಗೂ ಪೆನ್ಷನ್ ಕೊಟ್ಟು ಕಳಿಸಿದ ಮಹಾನುಭಾವ ತನ್ನ ಗಂಡ ಎಂದು ಲವಾನ್‌ಗೆ ನಗು ಬಂತು. ಒಳ್ಳೆಯ ನಗುವಲ್ಲ. ಹಿಂದಕ್ಕೆ ಹೋಗುವಾಗ ತಾನೇ ಕೂಗಿ ಎಚ್ಚರಿಸುವ ಪಿಕಪ್ ಕೊಂಡ ಮೇಲೆ ಇವನು ಮನೆಮುಂದಿನ ಅಂಚೆಪೆಟ್ಟಿಗೆಯನ್ನು ಎರಡು ಸಲ ಉರುಳಿಸಿದ್ದ. ಎರಡು ಸಲವೂ ತಪ್ಪು ಪಿಕಪ್ಪಿನದೇ ಆಗಿತ್ತು.

ಆದರೆ ಇದು ಅಂಚೆಪೆಟ್ಟಿಗೆಯ ಮಾತಲ್ಲ. ಮಾರನೆಯ ದಿನ ಕ್ಲಬ್ಬಿನಲ್ಲಿ ಪಂದ್ಯ. ಎಲ್ಲರೂ ಕೌಬಾಯ್‌ಗಳಂತೆ ಅಗಲ ಅಂಚಿನ ಹ್ಯಾಟು ತೊಟ್ಟು, ಬೂಟು ಮೆಟ್ಟಿ, ಅಜ್ಜಂದಿರ ಕಾಲದ ಮಾದರಿಯ ರಿವಾಲ್ವರಿನಿಂದ ತಗಡಿನ ಗುರಿಗಳಿಗೆ ಹೊಡೆಯುವವರು. ಅಲ್ಲಿ ಪ್ರತಿಯೊಬ್ಬರಿಗೂ ತಾವೇ ಇಟ್ಟುಕೊಂಡ ಹೆಸರು: ಲವಾನ್ 'ಮುಳ್ಳುತಂತಿ', ರಾಯ್ಸ್ 'ಪಾದ್ರಿ'. ಆ ರಿವಾಲ್ವರಿನ ತೋಟಾ ದೊಡ್ಡದು, ಅದಕ್ಕೆ ಬೇಕಾದ ಮದ್ದು ಚಿಟಿಕೆಯಷ್ಟು. ಕೈತಪ್ಪಿ ಎರಡು ಅಳತೆ ಬಿದ್ದರೂ ಹೊರಗೆ ಉಕ್ಕುವುದಿಲ್ಲ, ತೆಪ್ಪಗೆ ತಳದಲ್ಲಿ ಕೂತಿರುತ್ತದೆ. ಆಮೇಲೆ ಟ್ರಿಗರ್ ಎಳೆದವರ ಕೈಯಲ್ಲಿ ರಿವಾಲ್ವರೇ ಸಿಡಿಯುತ್ತದೆ. ನಾಳೆ ಈ ಮೆಷಿನ್ನಿನ ತೋಟಾ ಹಾಕಿ ಟ್ರಿಗರ್ ಎಳೆಯಬೇಕಾದವಳು ಲವಾನ್.

"ಮಂಗಳವಾರ ನಾನು ಅಡುಗೆಮನೇಲಿ ಇದ್ದೆ," ಎಂದಳು. "ನಿನ್ನ ಡಬ್ಬಿ ಒಂದೇ ಸಮ ಕೂಗ್ತಾ ಇತ್ತು. ಆಮೇಲೆ ಸುಮ್ಮನಾಯ್ತು. ಏನು ಮಾಡಿದೆ?"

"ಅದಾ? ಸುಮ್ಮಸುಮ್ಮನೆ ಕೂಗ್ತಿತ್ತು ಕಣೆ. ಹೊಸದಲ್ವಾ. ಸ್ಕ್ರೂ ಸ್ವಲ್ಪ ತಿರುಗಿಸಿದೆ, ಸರಿಹೋಯ್ತು."

"ಸರಿಹೋಯ್ತಾ, ಬಾಯಿ ಮುಚ್ಚಿಕೊಳ್ತಾ?"

ಹಾಲಿಸ್ ಬಿಯರ್ ಕ್ಯಾನನ್ನು ನೆಲಕ್ಕಿಟ್ಟ.

"ಕೂಗಿದಾಗ ಕೊಳವೆ ಒಳಗೆ ನೋಡಿದ್ಯಾ ರಾಯ್ಸ್?" ಎಂದು ಕೇಳಿದ.

"ನೋಡೋದೇ ಆದ್ರೆ ಡಬ್ಬಿ ಯಾಕೆ ಕೊಳ್ತಿದ್ದೆ ನಾನು? ಇಬ್ಬರೂ ಸೇರಿ ಒಳ್ಳೆ ಪೊಲೀಸರ ಥರ ಕೇಳ್ತೀರಲ್ಲ."

ಗಂಡ ಪೆದ್ದ ಎಂದು ಲವಾನ್‌ಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಪೆದ್ದುತನದ ಜೊತೆ ಬಾಳಬಹುದು, ಬಾಳಿದ್ದಳು. ಅವಳು ಬೆಂಚಿನ ಮೇಲಿದ್ದ ತನ್ನ ತೋಟಾಗಳ ಪೆಟ್ಟಿಗೆಯನ್ನು ಎತ್ತಿ ಅವನ ಮುಂದಿಟ್ಟಳು.

"ಆಯ್ತಪ್ಪ, ಜಗಳ ಬೇಡ. ನಾಳೆ ಇವನ್ನ ನೀನು ಹೊಡಿ. ನಿನ್ನವು ನನಗೆ ಕೊಡು."

ಚುಚ್ಚಿ ನೋಡೋಣವೆಂದು ಆಡಿದ ಮಾತು, ಅಷ್ಟೇ. 'ಅದಕ್ಕೇನಂತೆ, ತಗೋ' ಎಂದು ಅವನು ಜಂಬ ಕೊಚ್ಚುತ್ತಾನೆ, ತಾನು ಇನ್ನೆರಡು ಮಾತು ಬಿಗಿಯಬಹುದು ಎಂದುಕೊಂಡಿದ್ದಳು. ರಾಯ್ಸ್ ಜಂಬ ಕೊಚ್ಚಲಿಲ್ಲ. ಅವನ ಕೈ ತನ್ನ ಪೆಟ್ಟಿಗೆಯ ಮುಚ್ಚಳದ ಮೇಲೆ ಹೋಗಿ ಕೂತಿತು.

"ನನ್ನವು... ನನ್ನ ರಿವಾಲ್ವರಿಗೆ ಅಂತಾನೇ ಮಾಡಿದ್ದು."

"ಎರಡೂ ಒಂದೇ ಥರದ ರಿವಾಲ್ವರು. ಒಂದೇ ಅಂಗಡೀಲಿ ಒಂದೇ ದಿನ ಕೊಂಡಿದ್ದು."

ಅವನ ಕೈ ಸರಿಸಿ ಮುಚ್ಚಳ ತೆರೆದಳು. ಒಳಗಿದ್ದವು ಗೀರುಬಿದ್ದ ಹಳೆಯ ಕೊಳವೆಗಳಲ್ಲಿ ಕಟ್ಟಿದ ತೋಟಾಗಳು. ಮೆಷಿನ್ನಿಗೆಂದು ಕೊಂಡ ಹೊಸ ಹಿತ್ತಾಳೆಯದು ಒಂದೂ ಅದರಲ್ಲಿರಲಿಲ್ಲ.

"ಇವನ್ನ ಹಳೇ ಮೆಷಿನ್ನಲ್ಲಿ ಮಾಡಿದ್ದೀಯ. ಒಂದೊಂದಾಗಿ, ಟಾರ್ಚ್ ಹಾಕಿ ನೋಡಿ."

"ಅಭ್ಯಾಸಬಲ ಕಣೆ."

"ನಿನ್ನ ಕೈಗೆ ಅಭ್ಯಾಸಬಲ, ನನ್ನ ಕೈಗೆ ಡಬ್ಬಿ?"

ರಾಯ್ಸ್ ಹ್ಯಾಟು ತೆಗೆದ, ಮತ್ತೆ ಹಾಕಿಕೊಂಡ. ಲವಾನ್‌ಗೆ ಮೊದಲು ಬಂದದ್ದು ಸಿಟ್ಟಲ್ಲ, ಅಸಹ್ಯ. ಗೋಡೆಗೆ ನೇತುಹಾಕಿದ್ದ ಸುತ್ತಿಗೆಯನ್ನು ತೆಗೆದು ಅವನ ಮಡಿಲಿಗೆ ಹಾಕಿದಳು. ತಯಾರಾದ ತೋಟಾವನ್ನು ಅದರ ಟೊಳ್ಳು ತಲೆಗೆ ಸಿಕ್ಕಿಸಿ ಕುಟ್ಟಿದರೆ ಗುಂಡು ಕಳಚಿ ಮದ್ದು ಹೊರಬೀಳುತ್ತದೆ. ಹಿಡಿದರೆ ತಪ್ಪು ಒಪ್ಪಿಕೊಂಡಂತೆ ಎಂದು ತೋಟಾ ಕಟ್ಟುವವರು ಪರರೆದುರು ಕೈಗೆತ್ತಿಕೊಳ್ಳಲು ನಾಚುವ ಸಾಮಾನು ಅದು.

"ಬಿಚ್ಚು. ನನ್ನವು ಎಲ್ಲಾನೂ. ಹಾಲಿಸ್, ಪಕ್ಕದಲ್ಲಿ ಕೂತು ನೀನು ನೋಡು. ಇವನ ಕಣ್ಣಿಗೆ ರಜೆ."

ಅವನ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋದಳು. ಗ್ಯಾರೇಜಿನಿಂದ ಧಪ್, ಧಪ್ ಕೇಳಿಬರುತ್ತಿತ್ತು. ಒಲೆ ಮೇಲಿನ ಬೀನ್ಸ್ ಕಲಕಿ, ಓವನ್ನಿನಿಂದ ಕಾರ್ನ್‌ಬ್ರೆಡ್ ಹೊರತೆಗೆಯುವಷ್ಟರಲ್ಲಿ ಸದ್ದು ನಿಂತಿತು. ಹಾಲಿಸ್ ಅಡುಗೆಮನೆಯ ಬಾಗಿಲಿಗೆ ಬಂದ. ಮುಖ ಬಿಳಿಚಿಕೊಂಡಿತ್ತು.

"ಒಂದರಲ್ಲಿ ಎರಡು ಅಳತೆ ಇತ್ತು, ಲವಾನ್."

"ಏನಂತಾನೆ?"

"ಡಬ್ಬಿ ಕೂಗ್ಲಿಲ್ಲ ಅಂತಾನೆ. ಕಂಪನಿಗೆ ಫೋನ್ ಮಾಡ್ತಾನಂತೆ."

ಲವಾನ್ ಒಂದು ತಟ್ಟೆ ತೆಗೆದು ತುಂಬಾ ಬೀನ್ಸ್ ಬಡಿಸಿದಳು, ಮೇಲೆ ದಪ್ಪ ತುಂಡು ಕಾರ್ನ್‌ಬ್ರೆಡ್ ಇಟ್ಟಳು.

"ಕೂತ್ಕೋ ಹಾಲಿಸ್, ಊಟ ಮಾಡು," ಎಂದಳು. "ಅವನಿಗೆ ಅಂತ ಮಾಡಿದ್ದು."